ಒಳ್ಳೆಯವರಾಗುವ ರೀಲು

"ಇನ್ನೂ ಬಿಗಿಯಾಗಿ ಕಟ್ಟೇ ಬೆಟ್ಟಿ! ಸಿನಿಮಾದಾಗೆ ಅಂಗೇ ಕಟ್ಟಿದ್ರು ಕಣೇ!" ಎಂದು ದೇವರಾಜು ಕೂಗಿದ.

ಬೆಟ್ಟಮ್ಮ ತನ್ನ ತಮ್ಮ ಗುಂಡನನ್ನೇ ತೋಪಿನ ಹೊಂಗೆಮರಕ್ಕೆ ಕಟ್ಟಿದಳು. ಆಟಕ್ಕೆ ಸೇರಿದ ಹುಡುಗರೆಲ್ಲರ ಮುಖಕ್ಕೂ ಮಸಿ. ಆರು ವರ್ಷದ ಗುಂಡನಿಗೆ ಒಂದೇ ನಗು.

ನಿನ್ನೆ ಮೇಷ್ಟ್ರು ಕ್ಲಾಸಿನವರನ್ನೆಲ್ಲ ಇದೇ ತೋಪಿನ ಪಕ್ಕದ, ಅರಕಲಗೂಡಿನ ಸಿನಿಮಾ ಟೆಂಟಿಗೆ ಕರೆದುಕೊಂಡು ಹೋಗಿದ್ದರು. ಯಾವುದೋ ಪುಸ್ತಕದ ಕತೆಯ ಸಿನಿಮಾವಂತೆ. ಆ ಇಂಗ್ಲಿಷಿನ ಟುಸ್ಸುಪುಸ್ಸು ಯಾರಿಗೆ ತಿಳಿಯಬೇಕು? ಆದರೂ ಕಣ್ಣಿತ್ತಲ್ಲ! ದೊಡ್ಡವರೇ ಇಲ್ಲದ ನಡುಗಡ್ಡೆಯಲ್ಲಿ ಸಿಕ್ಕಿಕೊಂಡ ಹುಡುಗರು ಮೊದಲು ಮುಖಕ್ಕೆ ಬಣ್ಣ ಬಳಿದುಕೊಂಡು ಒಬ್ಬರನ್ನೊಬ್ಬರು ಅಟ್ಟಾಡಿಸಿದರು. ಕೊನೆಗೆ ತಲೆ ಬಾಚಿಕೊಂಡು, ಒಳ್ಳೆ ಶರ್ಟು ತೊಟ್ಟು, ಸಾಲಾಗಿ ಕೂತು ಹಣ್ಣು ಹಂಚಿಕೊಂಡು ತಿಂದರು.

ಬೆಟ್ಟಮ್ಮನಿಗೆ ಆ ಕೊನೆ ಬಹಳ ಹಿಡಿಸಿತ್ತು. ಅದಕ್ಕೆಂದೇ ಚೀಲದ ತುಂಬ ಸೀಬೆಕಾಯಿ ತಂದಿದ್ದಳು.

ಮಸಿಮುಖದವರು ಮರದ ಸುತ್ತ ಕುಣಿದರು. ಯಾರೋ ಒಂದು ಮಣ್ಣಿನ ಹೆಂಟೆ ಎಸೆದರು. ಇನ್ನೊಬ್ಬನೂ ಎಸೆದ. ಗುಂಡನ ನಗು ನಿಂತಿತು.

"ಅಕ್ಕಾ, ಸಾಕು ಬುಡಕ್ಕಾ!"

"ಸಾಕು ಕಣ್ರಲಾ! ಈಗ ಒಳ್ಳೇವ್ರಾಗೋ ಆಟ!" ಎಂದಳು ಬೆಟ್ಟಮ್ಮ.

ಕೇಳುವವರು ಯಾರು? ದೇವರಾಜು ಅವಳ ಚೀಲಕ್ಕೇ ಕೈಹಾಕಿ ಸೀಬೆಕಾಯಿ ಬೀಸಿದ. ಹೋ ಎಂದು ಕೂಗೆದ್ದಿತು. ಆ ಕೂಗಿನಲ್ಲಿ ಬೆಟ್ಟಮ್ಮನದೂ ಸೇರಿಹೋಯಿತು. ಅವಳೂ ಒಂದು ಎಸೆದೇಬಿಟ್ಟಳು! ಅದು ಗುಂಡನ ತುಟಿಗೆ ಬಡಿದು ರಕ್ತ ಬಂತು.

ಕೂಗು ನಿಂತಿತು. ಹುಡುಗರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಬೆಟ್ಟಮ್ಮ ತಾನೇ ಹಾಕಿದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ನಾನ್ಯಾಕೆ ಎಸೆದೆ? ಎಷ್ಟು ಯೋಚಿಸಿದರೂ ಅವಳಿಗೆ ತಲೆಬುಡ ತಿಳಿಯಲಿಲ್ಲ.

ತೋಪಿನ ಪಕ್ಕದಲ್ಲೇ ಟೆಂಟು. ಸಿನಿಮಾ ಬಿಡುವ ತಿಮ್ಮಪ್ಪ ಬಾಗಿಲಲ್ಲಿ ಕೂತು ರೀಲು ಸುತ್ತುತ್ತಿದ್ದ. ಬೆಟ್ಟಮ್ಮ ತಮ್ಮನನ್ನು ಕರೆದುಕೊಂಡು ಅಲ್ಲಿಗೇ ಹೋದಳು.

"ಮಾವ, ಸಿನಿಮಾದ ಆ ಹುಡುಗ್ರು ಎಂಗೆ ಒಳ್ಳೇವ್ರಾದ್ರು?"

ತಿಮ್ಮಪ್ಪ ನಾಲಿಗೆ ಕಚ್ಚಿಕೊಂಡ. "ಅಯ್ಯೋ, ಅದು ನಂದೇ ತಪ್ಪು ಕಣವ್ವ. ಕೊನೇ ರೀಲ್ನ ಮೊದ್ಲು ಆಕ್ಬುಟ್ಟೆ. ಹಣ್ಣು ಹಂಚ್ಕಂಡು ತಿಂದದ್ದೇ ಮೊದ್ಲು. ಬಣ್ಣ ಬಳ್ಕಂಡು ಹೊಡೆದಾಡಿದ್ದು ಆಮೇಲೆ."

"ಅದೇ ಹುಡುಗ್ರಾ?"

"ಅವ್ರೇ ಕಣವ್ವ."

ಬೆಟ್ಟಮ್ಮ ಮಸಿ ಹತ್ತಿದ ತನ್ನ ಕೈಯನ್ನೇ ನೋಡಿಕೊಂಡಳು. ಚೀಲದಲ್ಲಿ ಒಂದೇ ಒಂದು ಸೀಬೆಕಾಯಿ ಉಳಿದಿತ್ತು. ಗುಂಡನಿಗೆ ಕೊಡೋಣವೆಂದು ಕೈ ಎತ್ತಿದಳು.

ಗುಂಡ ಬೆಚ್ಚಿ ಹಿಂದಕ್ಕೆ ಸರಿದ.

ಬೆಟ್ಟಮ್ಮ ಸೀಬೆಕಾಯಿಯನ್ನು ಮೆಲ್ಲಗೆ ನೆಲದ ಮೇಲಿಟ್ಟಳು. ನಾಲ್ಕು ಹೆಜ್ಜೆ ದೂರ ಹೋಗಿ, ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು, ಅವನಾಗಿ ಬರಲೆಂದು ಕಾಯುತ್ತ ಕೂತಳು.