ಕೊಕ್ಕರೆ ನೋಡಿದ ಹಗ್ಗ

ಬಲು ಹಿಂದೆ, ಹಕ್ಕಿಗಳು ಇನ್ನೂ ಮಾತು ಮರೆತಿರದ ಕಾಲದಲ್ಲಿ, ಅಲೆಗೋಡು ಎಂಬ ರಾಜ್ಯದಲ್ಲಿ ಒಂದು ವ್ಯವಹಾರ ಕುದುರಿತು. ರಾಜನ ಮಗಳ ಮದುವೆಯ ಹೊತ್ತಿಗೆ ನೂರು ಕೋಣೆಯ ಮಾಯಾಮಹಲು ಎದ್ದು ನಿಲ್ಲಬೇಕು. ನಿಲ್ಲಿಸಿದವನ ಮನೆತನಕ್ಕೆ ಏಳು ತಲೆಮಾರು ಬಂದರಿನ ಸುಂಕ ಮಾಫಿ. ವೀಳ್ಯ ಎತ್ತಿಕೊಂಡವನು ಜವಳಿ ವ್ಯಾಪಾರಿ ಪದುಮಣ್ಣ ಶೆಟ್ಟಿ.

ಆ ರಾಜ್ಯದಲ್ಲಿ ಮಹಲುಗಳನ್ನು ಕಲ್ಲಿನಲ್ಲಿ ಕಟ್ಟುತ್ತಿರಲಿಲ್ಲ, ಹಗ್ಗದಲ್ಲಿ ಗಂಟು ಹಾಕುತ್ತಿದ್ದರು. ಕೆಂಪು ದಾರದ ಗಂಟು ಹಾಕಿದರೆ ಒಂದು ಕೋಣೆ ತೆರೆಯಿತು. ಕರಿ ದಾರದ ಗಂಟು ಹಾಕಿದರೆ ಆ ಕೋಣೆ ಮುಗಿಯಿತು. ಕೋಣೆಯೊಳಗೆ ಕೋಣೆ ಬೇಕಾದರೆ ಒಳಗಿನದನ್ನು ಮೊದಲು ಮುಗಿಸಬೇಕು, ಹೊರಗಿನದನ್ನು ಆಮೇಲೆ. ಹಗ್ಗವನ್ನು ನೆಲಕ್ಕೆ ಹಾಸಿದರೆ ಮಹಲು ಎದ್ದು ನಿಲ್ಲುತ್ತಿತ್ತು. ಈ ವಿದ್ಯೆ ಬಲ್ಲವಳು ಶೆಟ್ಟಿಯ ತಂಗಿ ದೇವೀರಿ. ಅಣ್ಣನ ಹೆಗಲ ಮೇಲೆ ಕೂತು ಬೆಳೆದ ಹುಡುಗಿ.

ಗಂಟು ಮುಗಿದ ದಿನ ಅವಳು ಹೇಳಿದಳು, "ಅಣ್ಣ, ಹಾಸೋಕೆ ಮುಂಚೆ ಕೊಕ್ಕರೆ ಹತ್ರ ತೋರಿಸ್ಕೊಂಡು ಬಾ. ಎಲ್ಲೋ ಒಂದು ಗಂಟು ಬಿಟ್ಟಿದೀನಿ ಅನ್ನಿಸ್ತಿದೆ."

ಊರ ಕೆರೆಯಲ್ಲಿ ಒಂದು ಮುದಿ ಕೊಕ್ಕರೆ ಇತ್ತು. ಯಾರು ಹಗ್ಗ ತಂದರೂ ಕೊಕ್ಕಿನ ಸಂದಿಯಲ್ಲಿ ಎಳೆದು ನೋಡಿ ತಪ್ಪು ಹೇಳುತ್ತಿತ್ತು. ಕೂಲಿ ಕೇಳುತ್ತಿರಲಿಲ್ಲ. ಮೀನು ಕೊಡಲು ಹೋದರೆ "ಕೆರೇಲಿದಾವೆ" ಎನ್ನುತ್ತಿತ್ತು.

ಶೆಟ್ಟಿಯ ಹಗ್ಗವನ್ನು ಕೊನೆಯವರೆಗೆ ಎಳೆದು ಕೊಕ್ಕರೆ ಹೇಳಿತು, "ನಲವತ್ತೊಂದು ತಪ್ಪು."

ಶೆಟ್ಟಿ ನಕ್ಕ. ಬಣ್ಣ ಬಿಡುತ್ತೆ, ಅಂಚು ಸಣ್ಣ, ನೂಲು ಜಾಳು ಎಂದು ಅಂಗಡಿಗೆ ಬಂದವರು ಹೇಳುವುದನ್ನು ಕೇಳುತ್ತಲೇ ಅವನ ತಲೆ ನರೆಯುತ್ತಾ ಬಂದಿತ್ತು. ಹೆಚ್ಚು ತಪ್ಪು ಎಣಿಸುವವನು ಸರಕನ್ನು ಅಗ್ಗಕ್ಕೆ ಹೊಡೆಯಲು ಬಂದವನು. ಇದು ಅವನ ಲೆಕ್ಕ.

"ಯಾವ ಶೆಟ್ಟಿ ಕಳಿಸಿದಾನೆ ನಿನ್ನ? ಎಷ್ಟು ಕೊಟ್ರೆ ಬಾಯಿ ಮುಚ್ತೀಯ?"

"ನನಗೇನೂ ಬೇಡ ಶೆಟ್ರೆ. ಮೊದಲನೇ ತಪ್ಪು ತಿದ್ದಿದ್ರೆ ಮಿಕ್ಕಿದ್ದು..."

"ಏನೂ ಬೇಡ ಅನ್ನೋರ ಹತ್ರ ನಾನು ವ್ಯಾಪಾರ ಮಾಡಲ್ಲ." ಶೆಟ್ಟಿ ಹಗ್ಗ ಸುತ್ತಿ ಬಗಲಿಗೆ ಹಾಕಿ ಹೊರಟೇಬಿಟ್ಟ.

ದಾರಿಯಲ್ಲಿ ಕಾಳಜಂಘನೆಂಬ ಮಾಂತ್ರಿಕ ಕೂತಿದ್ದ. ಅಜ್ಜಂದಿರ ಕಾಲದಿಂದಲೂ ಅವನ ಕೆನ್ನೆ ಹುಡುಗನ ಕೆನ್ನೆಯಂತೆಯೇ ಇತ್ತು. "ನಿರ್ದೋಷ ಅಂತ ಮುದ್ರೆ ಒತ್ತಿಕೊಡ್ತೀನಿ. ಎರಡು ಉಂಗುರ" ಎಂದ. ಶೆಟ್ಟಿ ಚೌಕಾಸಿ ಮಾಡಿ ಒಂದಕ್ಕೆ ಇಳಿಸಿದ. ಮಾಂತ್ರಿಕ ಹಗ್ಗವನ್ನು ಬಿಚ್ಚದೆ ಮುದ್ರೆ ಒತ್ತಿದ. ಅದನ್ನು ಶೆಟ್ಟಿ ನೋಡಿದ. ಆದರೂ ಬೆಲೆ ಕೊಟ್ಟು ತಂದ ಮಾತು ಗಟ್ಟಿ ಎಂದುಕೊಂಡ.

ಹಗ್ಗ ಹಾಸಿದರು. ಮಹಲು ಎದ್ದಿತು. ಗಂಟು ಹಾಕಿದವರೇ ಮೊದಲು ಒಳಹೊಕ್ಕು ಅಡುಗೆಮನೆಯಲ್ಲಿ ಹಾಲು ಉಕ್ಕಿಸಬೇಕು, ಅದು ಅಲ್ಲಿನ ಪದ್ಧತಿ. ಹಾಲಿನ ಪಾತ್ರೆ ಹಿಡಿದ ದೇವೀರಿ ಬಾಗಿಲಲ್ಲಿ ತಿರುಗಿ ಕೇಳಿದಳು, "ಕೊಕ್ಕರೆ ಏನಂತು ಅಣ್ಣ?"

"ಸರಿಯಿದೆ ಅಂತು" ಎಂದ ಶೆಟ್ಟಿ.

ಅವಳು ಒಳಗೆ ಹೋದಳು. ಹಿಂದೆಯೇ ಗೋಡೆಗಳು ತಿರುಚಿಕೊಂಡವು, ಕಂಬಗಳು ತಲೆಕೆಳಗಾದವು. ನೋಡಲು ಬಂದು ನಿಂತಿದ್ದ ಕಾಳಜಂಘ ಚಪ್ಪಾಳೆ ತಟ್ಟಿ ಹೇಳಿದ, "ಮುಗಿಯದ ಕೋಣೆಗೆ ಹೋದವರ ವಯಸ್ಸೇ ನನ್ನ ಊಟ ಶೆಟ್ಟಿ. ಉಂಗುರ ಬರೀ ಉಪ್ಪಿನಕಾಯಿ."

ಶೆಟ್ಟಿ ಕೆರೆಗೆ ಓಡಿದ. ಒಮ್ಮೆ ಎಳೆದ ಹಗ್ಗವನ್ನು ಕೊಕ್ಕರೆ ಮರೆಯುತ್ತಿರಲಿಲ್ಲ.

"ಅಡುಗೆಮನೆಗೆ ಕರಿಗಂಟಿಲ್ಲ. ಮಿಕ್ಕ ನಲವತ್ತೂ ಅದರ ಮರಿಗಳು. ಈಗ ಒಳಗೇ ಹೋಗಿ ಕಟ್ಟಬೇಕು. ದಾರೀಲಿ ಕಂಡಿದ್ದನ್ನ ತಿದ್ದೋಕೆ ನಿಲ್ಲಬೇಡಿ."

"ಇದನ್ನ ಆಗಲೇ ಹೇಳಬಾರದಿತ್ತೆ?"

"ಹೇಳ್ತಿದ್ದೆ. ನೀವು ಹಗ್ಗ ಸುತ್ತುತಿದ್ರಿ."

ಕರಿ ದಾರ ಹಿಡಿದು ಶೆಟ್ಟಿ ಒಳಹೊಕ್ಕ. ಮೊದಲ ಅಂಗಳದಲ್ಲಿ ತಲೆಕೆಳಗಾದ ಕಂಬದಡಿ ಹುಲಿಯೊಂದು ಸಿಕ್ಕಿಕೊಂಡಿತ್ತು. "ಕಂಬ ನೆಟ್ಟಗೆ ಮಾಡು ಶೆಟ್ಟಿ, ಹೊಟ್ಟೇಲಿರೋ ವಜ್ರ ಕಕ್ತೀನಿ." ಒಳಗಿನಿಂದ "ಅಣ್ಣಾ" ಎಂಬ ಕೂಗು ಬಂತು, ಹುಡುಗಿಯ ದನಿ. ಶೆಟ್ಟಿ ವಜ್ರದ ತೂಕ ಯೋಚಿಸಿ ಕಂಬಕ್ಕೆ ಹೆಗಲು ಕೊಟ್ಟ. ಒಂದು ಕಂಬ ನೆಟ್ಟಗಾಯಿತು, ಎರಡು ಉರುಳಿದವು. ಕೊಕ್ಕರೆಯ ಮಾತು ನೆನಪಾಗಿ ಅದನ್ನು ಬಿಟ್ಟು ಓಡಿದ.

ಎರಡನೇ ಅಂಗಳದಲ್ಲಿ ಮೆಟ್ಟಿಲುಗಳ ಸಿಕ್ಕಿನಲ್ಲಿ ಹಾವೊಂದು ಹೆಣೆದುಕೊಂಡಿತ್ತು. "ಬಿಡಿಸು ಶೆಟ್ಟಿ, ನಿಧಿ ತೋರಿಸ್ತೀನಿ." ಒಳಗಿನಿಂದ "ಅಣ್ಣಾ" ಎಂಬ ಕೂಗು ಬಂತು, ನಡುವಯಸ್ಸಿನ ಹೆಂಗಸಿನ ದನಿ. ಶೆಟ್ಟಿ ಮುಟ್ಟಲಿಲ್ಲ. ಆದರೆ ನಿಂತು "ಎಷ್ಟಿದೆ?" ಎಂದು ಕೇಳಿದ. ಕೇಳಿದ್ದೇ ತಡವಾಯಿತು.

ಮೂರನೇ ಅಂಗಳದಲ್ಲಿ ಕೊಳ ಚಾವಣಿಗೆ ಅಂಟಿಕೊಂಡಿತ್ತು. ಅದರೊಳಗಿನ ಮೊಸಳೆ ಮುತ್ತಿನ ಸರ ಇಳಿಬಿಟ್ಟಿತು. ಶೆಟ್ಟಿ ತಲೆಯೆತ್ತಲಿಲ್ಲ. ಈ ಸಲ ಒಳಗಿನಿಂದ ಕೂಗೇ ಬರಲಿಲ್ಲ.

ಅಡುಗೆಮನೆಯ ಹೊಸ್ತಿಲಲ್ಲಿ ಕೆಂಪು ಗಂಟು ಕೆಂಡದಂತೆ ಉರಿಯುತ್ತಿತ್ತು. ಶೆಟ್ಟಿ ಅದರ ಪಕ್ಕ ಕರಿಗಂಟು ಬಿಗಿದ. ಹಿಂದೆ ಕಂಬಗಳು ಎದ್ದು ನಿಂತವು, ಮೆಟ್ಟಿಲು ಬಿಡಿಸಿಕೊಂಡವು, ನೀರು ಕೆಳಗಿಳಿಯಿತು. ಯಾರೂ ಕೈ ಹಚ್ಚದೆ ನಲವತ್ತೂ ಸರಿಹೋದವು. ಹೊರಗೆ ಕಾಳಜಂಘ ಒಣಗಿದೆಲೆಯಂತೆ ಮುದುಡಿ ಗಾಳಿಗೆ ಹಾರಿಹೋದ. ಅವನು ಉಂಡ ವಯಸ್ಸು ಮಾತ್ರ ವಾಪಸ್ಸು ಬರಲಿಲ್ಲ.

ಒಲೆಯ ಮುಂದೆ ಬೆಳ್ಳಗೆ ತಲೆ ನರೆತ ಮುದುಕಿಯೊಬ್ಬಳು ಕೂತಿದ್ದಳು. ಹಾಲು ಆಗಷ್ಟೇ ಉಕ್ಕಿತು.

"ಕೊಕ್ಕರೆ ಸರಿಯಿದೆ ಅಂದಿರಲಿಲ್ಲ, ಅಲ್ವಾ ಅಣ್ಣ?"

"ಇಲ್ಲ."

"ಎಷ್ಟು ತಪ್ಪಿತ್ತು?"

"ಒಂದೇ."

ದೇವೀರಿ ಪಾತ್ರೆ ಇಳಿಸಿದಳು. "ಒಂದು ಗಂಟು. ಹಾಲು ಕಾಯೋಷ್ಟರಲ್ಲಿ ಹಾಕಿಬಿಡ್ತಿದ್ದೆ."

ಮಹಲಿನಲ್ಲಿ ಮದುವೆ ನಡೆಯಿತು. ರಾಜ ಕೊಟ್ಟ ಮಾತು ನಡೆಸಿದ. ಮುದ್ರೆ ಮಾರುವವರು ಇಲ್ಲವಾದರು, ಜನ ನೆಮ್ಮದಿಯಿಂದ ಬಾಳಿದರು. ಕೆರೆಯ ದಂಡೆಯಲ್ಲಿ ಹಗ್ಗ ಹಿಡಿದು ನಿಂತವರಿಗೆ ಶೆಟ್ಟಿ ಒಂದೇ ಮಾತು ಹೇಳುತ್ತಿದ್ದ, "ಪೂರ್ತಿ ಕೇಳಿಸ್ಕೊಂಡು ಹೋಗಿ."

ವ್ಯವಹಾರದಲ್ಲಿ ಗಿಟ್ಟಿದ್ದು ಇಷ್ಟು. ಏಳು ತಲೆಮಾರಿಗೆ ಸುಂಕವಿಲ್ಲದ ಬಂದರು. ಒಂದು ಗಂಟೂ ತಪ್ಪದ ಮಹಲು ಕಟ್ಟಿದವನೆಂಬ ಹೆಸರು. ಮತ್ತು ತಂಗಿಯನ್ನು ಕಳಿಸಿದ ಬಾಗಿಲಿನಿಂದ ಹೊರಬಂದ, ಊರೆಲ್ಲ ಶೆಟ್ಟರ ಅಕ್ಕ ಎಂದು ಕರೆದ ಒಬ್ಬ ಮುದುಕಿ.