ಮಂದಾರಳ ಮೀಸೆ

ತುಮಕೂರು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಭೂಮಿಕಾ ತನ್ನ ಗೆಳತಿ ಮಂದಾರಳಿಗಾಗಿ ಕಾಯುತ್ತಿದ್ದಳು. ಬಂದು ನಿಂತವನಿಗೆ ಮೀಸೆ ಇತ್ತು.

"ಭೈರವ ಅಂತ ನನ್ ಫ್ರೆಂಡು... ನೀಲಿ ಬ್ಯಾಗ್ ಇಟ್ಕೊಂಡ್ ಕೂತಿರ್ತೀನಿ ಅಂದಿದ್ದ," ಎಂದು ಅವನು ಅವಳ ನೀಲಿ ಬ್ಯಾಗನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಬ್ಯಾಗನ್ನೇ ನೋಡಿದ.

ಅವಳು ಕಾಫಿ ಲೋಟ ಕೆಳಗಿಟ್ಟಳು. ಭೈರವ ಅಂದರೆ ಅವಳೇ!

ಗುಬ್ಬಿಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಭೂಮಿಕಾ, ಆನ್‌ಲೈನ್ ಗೇಮಿನೊಳಗೆ ಮಾತ್ರ ಗಡ್ಡದ ಕತ್ತಿವೀರ ಭೈರವ. ಕಾಡು, ಪಾಳುಕೋಟೆ, ಹಿಮದ ಬೆಟ್ಟ, ಎಲ್ಲಿಗೆ ಹೋದರೂ ಬೆನ್ನ ಹಿಂದೆ ಬಿಲ್ಲುಗಾತಿ ಮಂದಾರ. ವರ್ಷದಿಂದ ಇಬ್ಬರೂ ಟೈಪ್ ಮಾಡಿಯೇ ಮಾತಾಡಿದ್ದರು. 'ಬಂದೆ', 'ಹೊಡೆದೆ', 'ಸತ್ತೆ' ಎಂದು ಬರೆದರೆ ಗಂಡೋ ಹೆಣ್ಣೋ ಯಾರಿಗೆ ಗೊತ್ತಾಗುತ್ತದೆ?

"ನೀ... ನೀವು... ಮಂ... ಮಂ..."

ಚಿಕ್ಕಂದಿನ ತೊದಲು. ಗಾಬರಿಯಾದರೆ ಇನ್ನೂ ಜಾಸ್ತಿ. ಅದಕ್ಕೇ ಅವಳು ಗೇಮಿನಲ್ಲಿ ಒಮ್ಮೆಯೂ ಮೈಕ್ ಆನ್ ಮಾಡಿರಲಿಲ್ಲ. ಎಲ್ಲರೂ ಅವಳ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು. ಇವನು ಎದುರಿಗೆ ಕೂತು, ಪದ ಪೂರ್ತಿ ಬರುವವರೆಗೂ ಸುಮ್ಮನೆ ಕಾದ.

"ಮಂದಾರನಾ? ನಾ... ನಾನೇ ಭೈರವ. ಹೆಸ್ರು ಭೂ... ಭೂಮಿಕಾ."

"ಹೂಂ ಕಣ್ರೀ. ಚನ್ನೇಶ್ ಅಂತ. ಊರು ಕುಣಿಗಲ್, ಅಂತರಸನಹಳ್ಳೀಲಿ ಫ್ಯಾಕ್ಟರಿ ಕೆಲ್ಸ." ಅವನ ಕಿವಿ ಕೆಂಪಾಯಿತು. "ಅಯ್ಯೋ, ನಿಮ್ಗೆ ಎಷ್ಟ್ ಸಲ 'ಏನ್ಲಾ' ಅಂದಿದೀನಿ!"

ಅವಳಿಗೆ ನಗು ಬಂತು. ಮರುಕ್ಷಣವೇ ನೆನಪಾಗಿ ಮುಖ ಬಿಳಚಿತು. ಹೋದ ತಿಂಗಳು ಕೂಡಿಬಂದಿದ್ದ ಸಂಬಂಧ ಮುರಿದಾಗ, ಹೆಣ್ಣುಜೀವವೆಂದು ನಂಬಿ ಮನಸ್ಸಿನಲ್ಲಿದ್ದುದನ್ನೆಲ್ಲ ಮಂದಾರಳಿಗೆ ಬರೆದುಕೊಂಡಿದ್ದಳು.

"ನಾನು ಕ... ಕಣೇ ಅಂತಿದ್ದೆ. ಯಾಕ್ ಸು... ಸುಮ್ನಿದ್ರಿ?"

"ಗಂಡಸು ಅಂತ ಗೊತ್ತಾದ್ರೆ ಜೊತೆ ಬಿಡ್ತೀರೇನೋ ಅಂತ ಭಯ. ನನ್ ಹತ್ರ ಹಂಗೆ ಮನಸ್ ಬಿಚ್ಚಿ ಮಾತಾಡೋರು ಬೇರೆ ಯಾರೂ ಇಲ್ಲ." ಅವನು ತಲೆ ತಗ್ಗಿಸಿದ. "ತಪ್ಪೇ. ಆದ್ರೆ ನೀವೂ ಹೇಳ್ಲಿಲ್ವಲ್ಲ?"

ಅವಳು ಎದ್ದು ಹೋಗಿ ಗುಬ್ಬಿ ಬಸ್ ಹತ್ತಿದಳು. ಕೋಪ ಯಾರ ಮೇಲೆಂದು ಊರು ಬಂದರೂ ತಿಳಿಯಲಿಲ್ಲ.

ಭಾನುವಾರ ಮಧ್ಯಾಹ್ನ ತಡೆಯಲಾಗದೆ ಲಾಗಿನ್ ಆದಳು. ಮಂದಾರ ಎಲ್ಲೂ ಇರಲಿಲ್ಲ. ಕೋಟೆಯ ಬಾಗಿಲಲ್ಲಿ ಒಬ್ಬ ಹೊಸಬ ನಿಂತಿದ್ದ. ಮೈಮೇಲೆ ಹರಕು ಅಂಗಿ, ಕೈಯಲ್ಲೊಂದು ದೊಣ್ಣೆ, ಮುಖದ ಮೇಲೆ ಅದೇ ಮೀಸೆ. ಒಂದನೇ ಲೆವೆಲ್.

"ಮಂದಾರನ್ನ ಡಿಲೀಟ್ ಮಾಡ್ದೆ," ಎಂದು ಮೆಸೇಜ್ ಬಂತು. "ಚನ್ನೇಶ್ ಆಗೇ ಮೊದ್ಲಿಂದ ಶುರು ಮಾಡ್ತೀನಿ. ಬೇಡ ಅಂದ್ರೆ ಹೋಗ್ತೀನಿ."

ಭೂಮಿಕಾ ದಂಗಾಗಿ ಕೂತಳು. ಆ ಬೆಳ್ಳಿ ಬಿಲ್ಲು, ಆ ಕುದುರೆ, ಇಡೀ ವರ್ಷದ ಆಟ, ಎಲ್ಲವನ್ನೂ ಅಳಿಸಿಬಿಟ್ಟನೇ? ಹಾಗೆ ನೋಡುತ್ತಿರುವಾಗಲೇ ಅವನ ಹಿಂದೆ ಡ್ರ್ಯಾಗನ್ ಇಳಿಯಿತು. ಟೈಪ್ ಮಾಡಲು ಸಮಯವಿರಲಿಲ್ಲ. ಕೈ ತಾನಾಗಿಯೇ ಮೈಕ್ ಒತ್ತಿತು.

"ಚ... ಚ... ಚನ್ನೇಶ್! ಹಿ... ಹಿಂದೆ! ಓ... ಓಡಿ!"

ಅವನು ಓಡಲಿಲ್ಲ. ನಿಂತಲ್ಲೇ ನಿಂತ. ಡ್ರ್ಯಾಗನ್ ಒಂದೇ ತುತ್ತಿಗೆ ನುಂಗಿತು.

ಹೆಡ್‌ಫೋನಿನಲ್ಲಿ ಅವನ ದನಿ ಕೇಳಿತು. "ಸತ್ತೆ."

"ಯಾಕ್ ಓ... ಓಡ್ಲಿಲ್ಲ?"

"ನಿಮ್ ಬಾಯಲ್ಲಿ ನನ್ ಹೆಸ್ರು ಬಂತಲ್ಲ, ಕೈಕಾಲೇ ಆಡ್ಲಿಲ್ಲ. ಭೂಮಿಕಾ, ನೀವಂದ್ರೆ ನಂಗಿಷ್ಟ."

ಅವಳು ಮೈಕ್ ಆಫ್ ಮಾಡಲಿಲ್ಲ. "ನನ್ ಮಾತು ಹಿಂ... ಹಿಂಗೇ ಇರೋದು. ಕಾ... ಕಾಯ್ಬೇಕಾಗುತ್ತೆ."

"ಕಾಯ್ತೀನಿ. ಹೇಳಿ."

"ನ... ನಂ... ನಂಗೂ..."

ಆ ವಾಕ್ಯ ಮುಗಿಯುವಷ್ಟರಲ್ಲಿ ಡ್ರ್ಯಾಗನ್ ಭೈರವನನ್ನೂ ನುಂಗಿತ್ತು. ಇಬ್ಬರಲ್ಲಿ ಯಾರೂ ಅದನ್ನು ನೋಡಲಿಲ್ಲ.