ನೀರೂ ಮುಟ್ಟದ ನಾಯಕಿ

ಮೇಘನಾ ಪುಲ್ಪಳ್ಳಿಯ ಅಪ್ಪನ ಮನೆಯಂಗಳದಲ್ಲಿ ಕಾಳುಮೆಣಸಿನ ಗೊಂಚಲುಗಳನ್ನು ಬರಿಗಾಲಲ್ಲಿ ತುಳಿಯುತ್ತಿದ್ದಳು. ಉದುರಿದ ಕಾಳುಗಳನ್ನು ಎಂಟು ವರ್ಷದ ಮಗಳು ಅಮೃತಾ ಮೊರಕ್ಕೆ ತುಂಬುತ್ತಿದ್ದಳು.

ಗೇಟಿನ ಬಳಿ ಬೈಕೊಂದು ನಿಂತಿತು.

ತಲೆಯೆತ್ತಿದ ಮೇಘನಾಳ ಕಾಲು ಅಲ್ಲೇ ಹೂತುಹೋಯಿತು!

ಪದ್ಮನಾಭನ್!

ಬತ್ತೇರಿಯ ಸಂಜೆ ತರಗತಿಯಲ್ಲಿ ಅವಳಿಗೆ ಸಾಹಿತ್ಯ ಕಲಿಸುವ ಮೇಷ್ಟ್ರು, ಅಲ್ಲಿಯವರ ಬಾಯಲ್ಲಿ 'ಮಾಷೆ'. ಗಂಡ ತೀರಿಕೊಂಡ ನಾಲ್ಕು ವರ್ಷಗಳ ನಂತರ ಅವಳ ಮನಸ್ಸನ್ನು ಮುಟ್ಟಿದವನು. "ಮದುವೆಯಾಗೋಣ" ಎಂದು ಕೇಳಿ, ಮೂರು ವಾರದ ಹಿಂದೆ ತಾಯಿಗೆ ತೋರಿಸಲು ಮನೆಗೆ ಕರೆದವನು. ಆ ಸಂಜೆಯಿಂದ ಒಂದು ಮಾತೂ ಆಡದವನು...

'ಈಗ ಯಾಕೆ ಬಂದ?'

"ಕ್ಲಾಸಿಗೆ ಯಾಕೆ ಬರ್ತಿಲ್ಲ?" ಮೈಸೂರಿನಲ್ಲಿ ಓದಿದವನ ಕನ್ನಡಕ್ಕೆ ಮಲಯಾಳಂ ರಾಗ ಅಂಟಿತ್ತು.

"ಮಾತು ಬಿಟ್ಟವರ ಪಾಠ ಹೆಂಗೆ ಕೇಳೋದು, ಮಾಷೆ?"

ಅವನು ಬ್ಯಾಗಿನಿಂದ ನಾಲ್ಕು ಹಾಳೆ ತೆಗೆದ. ಹಳೆಯ ರಷ್ಯನ್ ಕಾದಂಬರಿಯೊಂದರ ವಸ್ತು, ಧ್ವನಿ, ಪಾತ್ರಚಿತ್ರಣದ ಬಗ್ಗೆ ಅವಳು ಅಂಚೆಯಲ್ಲಿ ಕಳಿಸಿದ ಉತ್ತರ.

"ನಿನ್ನೆ ಓದಿದೆ."

"ತಪ್ಪಿದ್ರೆ ಸೊನ್ನೆ ಹಾಕಿ."

"ಸೊನ್ನೆ ನನಗೆ!"

ಆ ಕಾದಂಬರಿಯ ನಾಯಕಿಯೂ ವಿಧವೆ. ಪ್ರೀತಿಸಿದವನ ಮನೆಯ ಊಟದ ಮೇಜಿನಲ್ಲಿ ಏನನ್ನೂ ಮುಟ್ಟದೆ ಕೂರುತ್ತಾಳೆ. ಅದು ಅವಳ ಅಹಂಕಾರ ಎಂದೇ ಪದ್ಮನಾಭನ್ ತರಗತಿಯಲ್ಲಿ ಕಲಿಸಿದ್ದ. ಮೇಘನಾ ಬರೆದದ್ದು ಬೇರೆ. ಅವನು ಗಟ್ಟಿಯಾಗಿ ಓದಿದ.

"ಇವಳು ಅಹಂಕಾರಿಯಲ್ಲ. ಎರಡು ಪುಟದ ಹಿಂದೆಯೇ ಚರ್ಚಿನ ಗಂಟೆ ಹೊಡೆದಿದೆ. ಅದು ಅವರ ಉಪವಾಸದ ವಾರ ಶುರುವಾದ ಗುರುತು. ಈ ಅಧ್ಯಾಯದ ಧ್ವನಿ ತಣ್ಣಗಿದೆ ಎನ್ನುತ್ತಾರೆ. ತಣ್ಣಗಿರುವುದು ಮೇಜಿನ ಸುತ್ತ ಕೂತವರು. ಯಾಕೆ ಉಣ್ಣಲಿಲ್ಲ ಎಂದು ಒಬ್ಬರೂ ಕೇಳುವುದಿಲ್ಲ. ಕಾದಂಬರಿಯ ವಸ್ತುವೇ ಅದು..."

ಅವನು ಓದು ನಿಲ್ಲಿಸಿ ಹಾಳೆ ಮಡಚಿದ.

"ಅವತ್ತು ಅಮ್ಮ ಬಡಿಸಿದ್ದನ್ನ ನೀವು ಮುಟ್ಟಲಿಲ್ಲ. ನೀರು ಕೊಟ್ರೂ 'ವೇಂಡ' ಅಂದ್ರಿ, ಬೇಡ ಅಂತ ಒಂದೇ ಮಾತು. ನಮ್ಮ ಜಾತಿಯವರ ಮನೆ ನೀರು ನಿಮಗೆ ಆಗಲ್ಲ ಅಂತ ಅಮ್ಮ ಅತ್ತರು. ನಾನೂ... ಹಂಗೇ ನಂಬಿದೆ."

ಮೇಘನಾಗೆ ಸಿಡಿಲು ಬಡಿದಂತಾಯಿತು!

"ಜಾತಿನಾ?! ಅಯ್ಯೋ ದೇವರೇ... ಜಾತಿ ಅಂದ್ಕೊಂಡ್ರಾ?"

"ನಿಮಗೂ ಏನಾದ್ರೂ ವ್ರತ ಇತ್ತಾ ಮೇಘನಾ? ಅದನ್ನ ಕೇಳಕ್ಕೇ ಬಂದೆ."

"ಕಾಡಲ್ಲಿ ಆನೆ ಅಡ್ಡ ನಿಂತು ಬಸ್ಸು ತಡ ಆಯ್ತು. ನಿಮ್ಮನೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಹೊತ್ತು ಮುಳುಗಿದ ಮೇಲೆ ನಮ್ಮ ಜೈನರ ಮನೇಲಿ ಉಣ್ಣಲ್ಲ, ಮಾಷೆ. ನಾನು ನೀರೂ ಕುಡಿಯಲ್ಲ."

ಪದ್ಮನಾಭನ್ ಬೈಕಿಗೆ ಒರಗಿಬಿಟ್ಟ. ಇಷ್ಟೇನಾ! ಇಷ್ಟಕ್ಕೇನಾ ಮೂರು ವಾರ!

"ಹೇಳಬಹುದಿತ್ತಲ್ಲ!"

"ಕೇಳಬಹುದಿತ್ತಲ್ಲ!"

ಮೇಘನಾ ಕಾಲಿಗಂಟಿದ ಕಾಳುಗಳನ್ನು ಕೊಡವಿದಳು.

"ಬೆಳಿಗ್ಗೆಯಿಂದ ಬೇಯಿಸಿದ ಆ ತಾಯಿ ಮುಂದೆ ನಿಯಮ ಹೇಳಕ್ಕೆ ನಾಚಿಕೆ ಆಯ್ತು," ಎಂದಳು ಮೆಲ್ಲಗೆ. "ಪಾಯಸ ಬೇರೆ ಘಮ್ಮಂತಿತ್ತು. ಹಸಿವಿಗೆ ಅತ್ತೆನೋ, ನಿಮ್ಮ ಮುಖ ನೋಡಿ ಅತ್ತೆನೋ, ಬಸ್ಸಲ್ಲಿ ದಾರಿಯಿಡೀ ಅತ್ತೆ!"

ಅವನಿಗೆ ನಗು, ಅಳು ಒಟ್ಟಿಗೇ ಬಂದವು.

"ಕ್ಷಮಿಸಿ. ಇಷ್ಟು ವರ್ಷ ಪಾತ್ರಗಳ ಮನಸ್ಸು ಬಿಡಿಸಿ ಹೇಳಿದೆ, ಎದುರು ಕೂತವರನ್ನ ಒಂದು ಮಾತು ಕೇಳಲಿಲ್ಲ. ನೀವಿಲ್ಲದೆ ನನಗಾಗಲ್ಲ ಮೇಘನಾ... ಅಮ್ಮನಿಗೆ ಏನು ಹೇಳಲಿ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಭಾನುವಾರ ಮಧ್ಯಾಹ್ನ ಊಟಕ್ಕೆ ಬರ್ತಾಳೆ ಅನ್ನಿ. ಪಾಯಸ ಎರಡು ಸಲ ಹಾಕಿಸ್ಕೊತಾಳೆ ಅನ್ನಿ."

ಆಗ ಅವಳ ಕಣ್ಣು ಮಗಳ ಮೇಲೆ ಬಿತ್ತು. ಅಮೃತಾ ಮೊರ ಕೆಳಗಿಟ್ಟು ನಿಂತಿದ್ದಳು. ತುಟಿ ತೆರೆಯುವುದು, ಮುಚ್ಚುವುದು... ಮೂರು ವಾರದಿಂದ, ಅಮ್ಮನಿಗೆ ಮದುವೆಯಾದರೆ ಇವಳು ಇಲ್ಲೇ ಅಜ್ಜಿಯ ಹತ್ತಿರ ಎಂಬ ಪಿಸುಮಾತುಗಳು ಬಾಗಿಲ ಹಿಂದಿನಿಂದ ಮಗುವಿನ ಕಿವಿಗೆ ಬೀಳುತ್ತಲೇ ಇದ್ದವು. ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಮೇಘನಾ ಮಗಳ ಕಡೆಗೆ ಹೆಜ್ಜೆಯಿಟ್ಟಳು.

'ನಾನೂ... ನಾನೂ ಇವಳನ್ನ ಕೇಳಲಿಲ್ಲವಲ್ಲ!'

"ಏನು ಚಿನ್ನಾ? ಹೇಳು, ಯಾರೂ ಬೈಯಲ್ಲ."

ಪದ್ಮನಾಭನ್ ಅವಳ ಎತ್ತರಕ್ಕೆ ಮಂಡಿಯೂರಿ ಕುಳಿತ. ಮಗು ಅವನ ಕಣ್ಣನ್ನೇ ನೋಡಿತು.

"ಮಾಷೆ... ಅಮ್ಮ ನಿಮ್ಮನೆಗೇ ಬಂದ್ಬಿಟ್ರೆ... ನಾನೂ ಬರಬಹುದಾ?"